ಆಹಾರ–ಪೋಷಣೆಯ ಓದು: ದೂರಶಿಕ್ಷಣದ ಬಾಗಿಲು ಮುಚ್ಚಿತು, ವಾರ್ಡಿನ ಬಾಗಿಲು ತೆರೆಯಿತೇ?

ವಿಶ್ವವಿದ್ಯಾಲಯ ಅನುದಾನ ಆಯೋಗ, ಅಂದರೆ ಯುಜಿಸಿ, 2025ರ ಆಗಸ್ಟ್‌ನಲ್ಲಿ ಪ್ರಕಟಿಸಿದ ನಿರ್ಧಾರವೊಂದು ಪ್ರವೇಶದ ಕಾಲ ಬಂದಾಗಲೆಲ್ಲ ಗೊಂದಲ ಎಬ್ಬಿಸುತ್ತಿದೆ. ಆಹಾರ ಮತ್ತು ಪೋಷಣಾ ವಿಜ್ಞಾನ, ಕ್ಲಿನಿಕಲ್ ನ್ಯೂಟ್ರಿಷನ್ ಮತ್ತು ಡಯಟೆಟಿಕ್ಸ್, ಮನೋವಿಜ್ಞಾನ, ಸೂಕ್ಷ್ಮಜೀವಿ ವಿಜ್ಞಾನ, ಜೈವಿಕ ತಂತ್ರಜ್ಞಾನದಂಥ ವಿಷಯಗಳನ್ನು ಆ ವರ್ಷದ ಜುಲೈ–ಆಗಸ್ಟ್ ಪ್ರವೇಶಾವಧಿಯಿಂದ ದೂರಶಿಕ್ಷಣದಲ್ಲಾಗಲಿ ಆನ್‌ಲೈನ್‌ನಲ್ಲಾಗಲಿ ಕಲಿಸುವಂತಿಲ್ಲ ಎಂಬುದು ಆ ನಿರ್ಧಾರ. ಆರೋಗ್ಯಕ್ಕೆ ಸಂಬಂಧಿಸಿದ ವೃತ್ತಿಗಳನ್ನು ಮನೆಯಲ್ಲಿ ಕುಳಿತು ಕಲಿಯಲಾಗದು ಎಂಬ ಒಂದೇ ಸಾಲಿನಲ್ಲಿ ಸುದ್ದಿ ಮುಗಿದುಹೋಯಿತು. ಗೊಂದಲ ಶುರುವಾದದ್ದು ಆಮೇಲೆ.

ಹಾವೇರಿಯಲ್ಲಿ ವಿಜ್ಞಾನ ವಿಷಯದಲ್ಲಿ ಪಿಯುಸಿ ಮುಗಿಸಿ ಆಹಾರ ತಜ್ಞೆಯಾಗಬೇಕೆಂದಿರುವ ಹುಡುಗಿ ಎಲ್ಲಿಗೆ ಹೋಗಬೇಕು? ಈಗಾಗಲೇ ಅಂಚೆ ಮೂಲಕ ಪಾಠ ತರಿಸಿಕೊಂಡು ಎಂ.ಎಸ್ಸಿ. ಮುಗಿಸಿದವರ ಪದವಿಯ ಗತಿ ಏನು? ಗದಗದ ಅಂಗನವಾಡಿ ಮೇಲ್ವಿಚಾರಕಿಯೊಬ್ಬರು ತಮ್ಮ ಕೆಲಸಕ್ಕೆ ನೆರವಾಗಲೆಂದು ಇದನ್ನು ಓದಬೇಕೆಂದರೆ ಅವರಿಗೂ ಇದೇ ನಿಷೇಧವೇ? ಈ ಮೂರಕ್ಕೂ ಉತ್ತರ ಬೇರೆ ಬೇರೆ. ದೂರಶಿಕ್ಷಣ ಒಳ್ಳೆಯದೋ ಕೆಟ್ಟದ್ದೋ ಎಂದು ವಾದಿಸುತ್ತ ಕುಳಿತರೆ ಮೂರರಲ್ಲಿ ಒಂದಕ್ಕೂ ಉತ್ತರ ಸಿಗುವುದಿಲ್ಲ. ಪೋಷಣೆಯ ಓದು ಎಲ್ಲಿ, ಯಾರ ನಡುವೆ ನಡೆಯಬೇಕು ಎಂದು ಮೊದಲು ಕೇಳಬೇಕು. ಹುಬ್ಬಳ್ಳಿ–ಧಾರವಾಡದ ಮಟ್ಟಿಗೆ ಅದಕ್ಕೆ ಉತ್ತರ ಕೈಗೆಟುಕುವಷ್ಟು ಹತ್ತಿರದಲ್ಲಿದೆ. ಆದರೂ ಯಾರೂ ಕೈ ಚಾಚಿದಂತಿಲ್ಲ.

ನಿರ್ಧಾರದ ವ್ಯಾಪ್ತಿ

ಯುಜಿಸಿ ಈ ನಿರ್ಧಾರವನ್ನು ತಾನಾಗಿ ಹುಟ್ಟುಹಾಕಲಿಲ್ಲ. ಅದರ ಬೇರು 2021ರ ಒಂದು ಕಾಯಿದೆಯಲ್ಲಿದೆ. ವೈದ್ಯರು, ದಾದಿಯರು, ದಂತವೈದ್ಯರು, ಔಷಧ ವಿತರಕರನ್ನು ಬಿಟ್ಟು ಆಸ್ಪತ್ರೆಯಲ್ಲಿ ಕೆಲಸ ಮಾಡುವ ಉಳಿದವರಿಗೆ ದೇಶದಲ್ಲಿ ಬಹುಕಾಲ ಒಂದು ನಿಯಂತ್ರಣ ವ್ಯವಸ್ಥೆಯೇ ಇರಲಿಲ್ಲ. ಫಿಸಿಯೊಥೆರಪಿ, ಎಕ್ಸ್‌ರೇ, ಡಯಾಲಿಸಿಸ್, ಕಣ್ಣಿನ ತಪಾಸಣೆ, ಪಥ್ಯಾಹಾರ ಎಲ್ಲವೂ ಅವರವರ ಸಂಸ್ಥೆಯ ವಿವೇಕಕ್ಕೆ ಬಿಟ್ಟ ವಿಷಯಗಳಾಗಿದ್ದವು. 2021ರಲ್ಲಿ ಸಂಸತ್ತು ಈ ವೃತ್ತಿಗಳಿಗಾಗಿ ರಾಷ್ಟ್ರೀಯ ಆಯೋಗವೊಂದನ್ನು ರಚಿಸುವ ಕಾಯಿದೆ ಮಾಡಿತು. ಅದರ ಪಟ್ಟಿಯಲ್ಲಿ ಡಯಟೀಷಿಯನ್ ಇದ್ದಾರೆ, ನ್ಯೂಟ್ರಿಷನಿಸ್ಟ್ ಇದ್ದಾರೆ, ಸಾರ್ವಜನಿಕ ಆರೋಗ್ಯದ ಪೋಷಣಾ ತಜ್ಞರೂ ಇದ್ದಾರೆ. ಈ ಕೊನೆಯ ಹೆಸರನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು, ಮುಂದಿನ ತಕರಾರೆಲ್ಲ ಅಲ್ಲಿಂದ ಹುಟ್ಟುತ್ತದೆ.

ಆ ಕಾಯಿದೆಯ ವ್ಯಾಪ್ತಿಗೆ ಬರುವ ವಿಷಯಗಳನ್ನು ದೂರಶಿಕ್ಷಣದಲ್ಲಿ ನಡೆಸಬಾರದು ಎಂದು ಯುಜಿಸಿ ತೀರ್ಮಾನಿಸಿತು. ಒಂದು ಬಿ.ಎ. ಪದವಿಯಲ್ಲಿ ಹಲವು ಐಚ್ಛಿಕ ವಿಷಯಗಳಿದ್ದು, ಅವುಗಳಲ್ಲಿ ಮನೋವಿಜ್ಞಾನವೋ ಪೋಷಣೆಯೋ ಒಂದಾಗಿದ್ದರೆ ಇಡೀ ಪದವಿ ರದ್ದಾಗುವುದಿಲ್ಲ, ಆ ವಿಷಯ ಮಾತ್ರ ಹೊರಹೋಗುತ್ತದೆ. ನಿಷೇಧ ಇರುವುದು ಹೊಸ ಪ್ರವೇಶಗಳಿಗೆ. ಹಿಂದೆ ಮಾನ್ಯತೆ ಇದ್ದ ಕಾಲದಲ್ಲಿ ಸೇರಿ ಮುಗಿಸಿದವರ ಪದವಿಯನ್ನು ಈ ನಿರ್ಧಾರ ಕಸಿದುಕೊಳ್ಳುವುದಿಲ್ಲ. ಆದರೆ ಪದವಿ ಸಿಂಧುವಾಗಿರುವುದು ಬೇರೆ, ಆ ಪದವಿಯ ಬಲದಿಂದ ವೃತ್ತಿಪರರಾಗಿ ನೋಂದಣಿ ಪಡೆಯುವುದು ಬೇರೆ. ನೋಂದಣಿಯ ಅಧಿಕಾರ ಕಾಯಿದೆಯಡಿ ರಚನೆಯಾಗುವ ರಾಜ್ಯ ಪರಿಷತ್ತುಗಳದ್ದು. ಹಳೆಯ ಪದವೀಧರರು ಆತಂಕಪಡಬೇಕಾದ ವಿಷಯವಿದ್ದರೆ ಅದು ಈ ಎರಡನೆಯದು.

ರೋಗಿಯ ತಟ್ಟೆಯ ಲೆಕ್ಕವೇ ಬೇರೆ

ಯುಜಿಸಿಯ ಪರ ವಾದವನ್ನು ಮೊದಲು ನೋಡೋಣ. ಅದು ಬಲವಾಗಿಯೇ ಇದೆ, ಬಲ ಎಲ್ಲಿದೆ ಎಂಬುದನ್ನು ಮಾತ್ರ ಅಧಿಕೃತ ಭಾಷೆ ಹೇಳುವುದಿಲ್ಲ. ಊಟದ ಬಗ್ಗೆ ಎಲ್ಲರಿಗೂ ಗೊತ್ತು ಎಂಬ ಭಾವನೆ ನಮ್ಮಲ್ಲಿದೆ. ಆರೋಗ್ಯವಂತರ ಊಟದ ಮಟ್ಟಿಗೆ ಅದು ಬಹುಪಾಲು ನಿಜವೂ ಹೌದು. ಜೋಳದ ರೊಟ್ಟಿ, ಕಾಳಿನ ಪಲ್ಯ, ಶೇಂಗಾ ಚಟ್ನಿ, ಹಸಿ ಉಳ್ಳಾಗಡ್ಡಿ, ಮೊಸರು ಇರುವ ತಟ್ಟೆಗೆ ಪದವೀಧರರ ಸಲಹೆಯ ಅಗತ್ಯ ಅಷ್ಟಾಗಿಲ್ಲ. ರೋಗ ಬಂದ ಮೇಲೆ ಲೆಕ್ಕ ತಿರುವುಮುರುವಾಗುತ್ತದೆ.

ಮೂತ್ರಪಿಂಡ ಸೋಲುತ್ತಿರುವ, ಅರುವತ್ತು ಕಿಲೊ ತೂಕದ ಒಬ್ಬ ರೋಗಿಯನ್ನು ತೆಗೆದುಕೊಳ್ಳಿ. ಡಯಾಲಿಸಿಸ್ ಶುರುವಾಗುವ ಮುನ್ನ ಪ್ರೋಟೀನನ್ನು ತಗ್ಗಿಸಬೇಕೆಂದು ಹೇಳುತ್ತಾರೆ. ಕಿಲೊ ತೂಕಕ್ಕೆ ದಿನಕ್ಕೆ 0.6 ಗ್ರಾಂ ಎಂದರೆ ಆತನಿಗೆ 36 ಗ್ರಾಂ, ಮಧುಮೇಹವೂ ಇದ್ದರೆ 0.8ರವರೆಗೆ, ಅಂದರೆ 48 ಗ್ರಾಂವರೆಗೆ ಬಿಡುತ್ತಾರೆ. ಮನೆಯವರು ಬೇಳೆ, ಕಾಳು, ಮೊಟ್ಟೆ ಎಲ್ಲ ನಿಲ್ಲಿಸಿ ಅನ್ನ–ತಿಳಿಸಾರಿಗೆ ಬರುತ್ತಾರೆ. ಮುಂದೆ ಡಯಾಲಿಸಿಸ್ ಶುರುವಾಗುತ್ತದೆ. ಯಂತ್ರದಲ್ಲಿ ರಕ್ತ ಶುದ್ಧವಾಗುವಾಗ ಕಲ್ಮಶದ ಜೊತೆಗೆ ಅಮೈನೊ ಆಮ್ಲಗಳೂ ಹರಿದುಹೋಗುತ್ತವೆ. ಆದ್ದರಿಂದ ಅಲ್ಲಿಂದಾಚೆಗೆ ಅದೇ ರೋಗಿಗೆ ಕಿಲೊಗೆ 1ರಿಂದ 1.2 ಗ್ರಾಂ, ಅಂದರೆ ದಿನಕ್ಕೆ 60ರಿಂದ 72 ಗ್ರಾಂ ಪ್ರೋಟೀನ್ ಬೇಕು. ನಿನ್ನೆಯವರೆಗೆ ಬೇಡವಾಗಿದ್ದದ್ದು ಇಂದು ಔಷಧದಷ್ಟೇ ಮುಖ್ಯ. ಈ ತಿರುವನ್ನು ಯಾರೂ ವಿವರಿಸದೆ ಹೋದರೆ ಮನೆಯವರು ಹಳೆಯ ಪಥ್ಯವನ್ನೇ ನಿಷ್ಠೆಯಿಂದ ಮುಂದುವರಿಸುತ್ತಾರೆ, ರೋಗಿ ಸೊರಗುತ್ತಾನೆ. ಇದರ ಜೊತೆಗೆ ಪೊಟ್ಯಾಸಿಯಂ ಲೆಕ್ಕ ಬೇರೆ. ಬಾಳೆಹಣ್ಣು, ಎಳನೀರು, ಸೊಪ್ಪಿನ ಪಲ್ಯ ಎಂದು ಕಾಯಿಲೆಯವರಿಗೆ ಪ್ರೀತಿಯಿಂದ ಕೊಡುವುದೆಲ್ಲ ಇಲ್ಲಿ ಅಪಾಯದ ಪಟ್ಟಿಗೆ ಸೇರುತ್ತದೆ. ಸೊಪ್ಪನ್ನು ಕುದಿಸಿ ಆ ನೀರನ್ನು ಬಸಿದು ಚೆಲ್ಲಬೇಕು. ಬಸಿದ ಕಟ್ಟಿನಿಂದ ಸಾರು ಮಾಡುವುದು ಜಾಣತನ ಎಂದು ಕಲಿತ ಅಡುಗೆಮನೆಗೆ ಇದನ್ನು ಒಪ್ಪಿಸುವುದು ಸುಲಭದ ಕೆಲಸವಲ್ಲ.

ಮಕ್ಕಳ ವಿಷಯದಲ್ಲೂ ಹೀಗೆಯೇ. ತೋಳಿನ ಸುತ್ತಳತೆ 115 ಮಿಲಿಮೀಟರಿಗಿಂತ ಕಡಿಮೆ ಇರುವ, ಆರು ತಿಂಗಳು ದಾಟಿದ ಐದು ವರ್ಷದೊಳಗಿನ ಮಗುವನ್ನು ತೀವ್ರ ಅಪೌಷ್ಟಿಕತೆ ಇರುವ ಮಗು ಎಂದು ಗುರುತಿಸುತ್ತಾರೆ. ಇಂಥ ಮಕ್ಕಳಲ್ಲಿ ಬಹುತೇಕರಿಗೆ ರಕ್ತಹೀನತೆ ಇರುತ್ತದೆ. ಕಬ್ಬಿಣಾಂಶದ ಔಷಧಿ ಕೊಡೋಣ ಎಂದು ಯಾರಿಗಾದರೂ ತೋಚುತ್ತದೆ. ಆದರೆ ಪೌಷ್ಟಿಕ ಪುನಶ್ಚೇತನ ಕೇಂದ್ರದಲ್ಲಿ ಮೊದಲ ದಿನಗಳಲ್ಲಿ ಕಬ್ಬಿಣವನ್ನು ಕೊಡುವುದಿಲ್ಲ. ಸೋಂಕು ಹತೋಟಿಗೆ ಬಂದು, ಮಗು ಹಸಿವು ತೋರಿಸಿ ತೂಕ ಏರತೊಡಗಿದ ಮೇಲೆಯೇ ಅದರ ಸರದಿ. ಊಟವನ್ನೂ ಒಮ್ಮೆಲೇ ಹೆಚ್ಚಿಸುವುದಿಲ್ಲ. ಮೊದಲು ನೂರು ಮಿಲಿಲೀಟರಿಗೆ 75 ಕಿಲೊಕ್ಯಾಲರಿ ಇರುವ ಹಾಲಿನ ಮಿಶ್ರಣ, ಆಮೇಲೆ 100 ಕಿಲೊಕ್ಯಾಲರಿಯದ್ದು. ಹಸಿದು ಬತ್ತಿದ ದೇಹಕ್ಕೆ ಒಮ್ಮೆಲೇ ಹೊಟ್ಟೆ ತುಂಬ ಉಣಿಸಿದರೆ ರಕ್ತದ ಲವಣಗಳ ಸಮತೋಲ ತಪ್ಪಿ ಪ್ರಾಣಕ್ಕೇ ಕುತ್ತು ಬರಬಹುದು.

ಇಷ್ಟೂ ಸಂಗತಿಗಳು ಪುಸ್ತಕದಲ್ಲಿವೆ, ದೂರಶಿಕ್ಷಣದ ಪಠ್ಯದಲ್ಲೂ ಇದ್ದವು. ಪುಸ್ತಕದಲ್ಲಿ ಸಿಗದಿರುವುದು ಬೇರೆ. ಪ್ರಯೋಗಾಲಯದ ವರದಿಯನ್ನೂ ರೋಗಿಯ ಮುಖವನ್ನೂ ಒಟ್ಟಿಗೆ ಓದುವುದು, ತೋಳಿಗೆ ಪಟ್ಟಿ ಕಟ್ಟುವಾಗ ಎಷ್ಟು ಬಿಗಿ ಹಿಡಿಯಬೇಕೆಂದು ಕೈಗೆ ಗೊತ್ತಾಗುವುದು, ವೈದ್ಯರು ಗಡಿಬಿಡಿಯಲ್ಲಿ ಬರೆದ ಒಂದು ಸಾಲಿನ ಸೂಚನೆಯನ್ನು ಅಡುಗೆ ಮಾಡುವ ಸೊಸೆಗೆ ಅರ್ಥವಾಗುವಂತೆ ಬಿಡಿಸಿ ಹೇಳುವುದು. ಇವನ್ನು ವಾರ್ಡಿನಲ್ಲಿ ನಿಂತೇ ಕಲಿಯಬೇಕು. ಕ್ಲಿನಿಕಲ್ ಭಾಗದ ಮಟ್ಟಿಗೆ ಯುಜಿಸಿಯ ನಿರ್ಧಾರ ಸರಿ, ತಡವಾಗಿ ಬಂತೆಂದೇ ಹೇಳಬೇಕು.

ಎದುರು ವಾದ: ವಾರ್ಡು ಬೇಡದ ಪೋಷಣೆಯೂ ಇದೆ

ಆದರೆ ಈ ಶಾಸ್ತ್ರದ ಇನ್ನೊಂದು ಅರ್ಧ ಆಸ್ಪತ್ರೆಯಿಂದ ಹೊರಗಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 35.4ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಆರು ತಿಂಗಳಿಂದ ಐದು ವರ್ಷದವರೆಗಿನ ಮಕ್ಕಳಲ್ಲಿ ಶೇ 65.5, ಹದಿನೈದರಿಂದ ನಲವತ್ತೊಂಬತ್ತರ ವಯಸ್ಸಿನ ಮಹಿಳೆಯರಲ್ಲಿ ಶೇ 47.8ರಷ್ಟು ಮಂದಿಗೆ ರಕ್ತಹೀನತೆ ಇದೆ. ಅದೇ ಸಮೀಕ್ಷೆಯಲ್ಲಿ ಸುಮಾರು ಶೇ 30ರಷ್ಟು ಮಹಿಳೆಯರ ತೂಕ ಮಿತಿಮೀರಿದೆ. ಒಂದೇ ಮನೆಯಲ್ಲಿ ಕುಳ್ಳಗುಳಿದ ಮಗುವೂ ಬೊಜ್ಜಿನ ತಾಯಿಯೂ ಇರುವ ಕಾಲ ಇದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಿಂದ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನ ದೇಶದಲ್ಲಿ 10 ಕೋಟಿಗೂ ಹೆಚ್ಚು ಮಧುಮೇಹಿಗಳಿದ್ದಾರೆಂದು ಅಂದಾಜಿಸಿತು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಆಹಾರ ಮಾರ್ಗಸೂಚಿಯಲ್ಲಿ ದೇಶದ ರೋಗಭಾರದ ಶೇ 56.4 ಭಾಗಕ್ಕೆ ಅನಾರೋಗ್ಯಕರ ಆಹಾರಕ್ರಮವೇ ಕಾರಣ ಎಂದಿತು.

ಈ ಪ್ರಮಾಣದ ಸಮಸ್ಯೆಯನ್ನು ಆಸ್ಪತ್ರೆಯ ಡಯಟೀಷಿಯನ್ನರು ನಿಭಾಯಿಸಲಾರರು. ಅಂಗನವಾಡಿ, ಶಾಲೆಯ ಬಿಸಿಯೂಟ, ಗರ್ಭಿಣಿಯರಿಗೆ ಊಟ ಕೊಡುವ ಮಾತೃಪೂರ್ಣ, ಹಾಲು ಕೊಡುವ ಕ್ಷೀರಭಾಗ್ಯ ಇವುಗಳನ್ನು ನಡೆಸುವವರೇ ನಿಭಾಯಿಸಬೇಕು. ಅವರಲ್ಲಿ ಬಹುಪಾಲು ಕೆಲಸದಲ್ಲಿರುವ ಮಹಿಳೆಯರು. ರಜೆ ಹಾಕಿ, ಊರು ಬಿಟ್ಟು, ಹಾಸ್ಟೆಲಿನಲ್ಲಿದ್ದು ಮೂರು–ನಾಲ್ಕು ವರ್ಷ ಓದುವ ಅನುಕೂಲ ಅವರಿಗಿಲ್ಲ. ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ ಪೋಷಣೆ ಮತ್ತು ಆರೋಗ್ಯ ಶಿಕ್ಷಣದ ಡಿಪ್ಲೊಮಾ, ಡಯಟೆಟಿಕ್ಸ್ ಮತ್ತು ಆಹಾರ ಸೇವಾ ನಿರ್ವಹಣೆಯ ಎಂ.ಎಸ್ಸಿ. ಮೊದಲಾದವನ್ನು ರೂಪಿಸಿದ್ದು ಇಂಥವರಿಗೂ ಅವಕಾಶ ಸಿಗಲೆಂದು. ಕಾಯಿದೆಯ ಪಟ್ಟಿ ಡಯಾಲಿಸಿಸ್ ರೋಗಿಗೆ ಪಥ್ಯ ಬರೆಯುವವರನ್ನೂ ಹಳ್ಳಿಯಲ್ಲಿ ಪೌಷ್ಟಿಕ ಆಹಾರದ ಬಗ್ಗೆ ತಿಳಿವಳಿಕೆ ಕೊಡುವವರನ್ನೂ ಒಂದೇ ಶೀರ್ಷಿಕೆಯಡಿ ಇಟ್ಟಿತು. ಯುಜಿಸಿ ಆ ಶೀರ್ಷಿಕೆಯನ್ನು ಹಾಗೆಯೇ ಎತ್ತಿಕೊಂಡು ನಿಷೇಧ ಹಾಕಿತು. ಇಬ್ಬರ ಕೆಲಸದ ಅಪಾಯವೂ ಒಂದೇ ಅಲ್ಲ, ಬೇಕಾದ ತರಬೇತಿಯೂ ಒಂದೇ ಅಲ್ಲ. ಈ ವ್ಯತ್ಯಾಸವನ್ನು ನೋಡದೆ ಹೋದದ್ದೇ ನಿರ್ಧಾರದ ದೊಡ್ಡ ದೋಷ.

ಹೊರಗಿನ ಪೋಷಣೆ ಸುಲಭದ ಓದು ಎಂದು ಇದರರ್ಥವಲ್ಲ. ಜೋಳ ತಿಂದರೆ ಸಕ್ಕರೆ ಕಾಯಿಲೆ ಹತ್ತಿರ ಸುಳಿಯುವುದಿಲ್ಲ ಎಂಬ ನಂಬಿಕೆ ನಮ್ಮ ಸೀಮೆಯಲ್ಲಿ ಗಟ್ಟಿಯಾಗಿದೆ. ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಕೋಷ್ಟಕದಲ್ಲಿ ನೂರು ಗ್ರಾಂ ಜೋಳಕ್ಕೆ ಸುಮಾರು 334 ಕಿಲೊಕ್ಯಾಲರಿ, ಪಾಲಿಶ್ ಮಾಡಿದ ಅಕ್ಕಿಗೆ 356. ಕ್ಯಾಲರಿಯಲ್ಲಿ ಅಂಥ ಅಂತರವೇನೂ ಇಲ್ಲ. ಅಂತರ ಇರುವುದು ನಾರಿನಂಶದಲ್ಲಿ, ಜೋಳದಲ್ಲಿ ಸುಮಾರು 10 ಗ್ರಾಂ, ಅಕ್ಕಿಯಲ್ಲಿ 3 ಗ್ರಾಂಗೂ ಕಡಿಮೆ. ಆದ್ದರಿಂದ ಎರಡು ರೊಟ್ಟಿಯ ಜಾಗದಲ್ಲಿ ನಾಲ್ಕು ರೊಟ್ಟಿ ಉಂಡರೆ ಜೋಳ ಯಾರನ್ನೂ ಕಾಪಾಡುವುದಿಲ್ಲ. ಇಷ್ಟು ತಿಳಿದು ತಿಳಿಸಬಲ್ಲ ಒಬ್ಬ ಮೇಲ್ವಿಚಾರಕಿ ಒಂದು ವೃತ್ತದ ಅಂಗನವಾಡಿಗಳ ತುಂಬ ಸಾಕಷ್ಟು ಬದಲಾವಣೆ ತರಬಲ್ಲರು.

ಊರಿನ ಊಟಕ್ಕೆ ಊರಿನ ವಿಜ್ಞಾನ

ಇಲ್ಲೊಂದು ಹಳೆಯ ಪ್ರಕರಣ ನೆನಪಿಸಿಕೊಳ್ಳಬೇಕು. ರಾಷ್ಟ್ರೀಯ ಪೋಷಣಾ ಸಂಸ್ಥೆ ಹುಟ್ಟಿದ್ದು 1918ರಲ್ಲಿ ಕೂನೂರಿನಲ್ಲಿ, ರಾಬರ್ಟ್ ಮೆಕ್ಯಾರಿಸನ್ ನಡೆಸುತ್ತಿದ್ದ ಬೆರಿಬೆರಿ ವಿಚಾರಣಾ ಘಟಕವಾಗಿ. 1958ರಲ್ಲಿ ಅದು ಹೈದರಾಬಾದಿಗೆ ಬಂತು. ದಖ್ಖನ್ನಿನ ಜೋಳದ ಸೀಮೆಗೆ ಬಂದ ಮೇಲೆ ಅಲ್ಲಿನ ವಿಜ್ಞಾನಿಗಳಿಗೆ ವಿಚಿತ್ರವೊಂದು ಕಂಡಿತು. ಪೆಲಾಗ್ರಾ ಎಂಬ ಕಾಯಿಲೆ ಮೆಕ್ಕೆಜೋಳವನ್ನೇ ನೆಚ್ಚಿದ ದೇಶಗಳದ್ದು ಎಂದು ಪಠ್ಯಪುಸ್ತಕಗಳು ಹೇಳುತ್ತಿದ್ದವು. ಬಿಸಿಲು ತಾಗುವ ಕಡೆ ಚರ್ಮ ಕಪ್ಪಾಗಿ ಸುಲಿಯುವುದು, ಭೇದಿ, ಮನಸ್ಸಿನ ಮಂಕು ಅದರ ಲಕ್ಷಣಗಳು. ಅದು ಇಲ್ಲಿ ಜೋಳ ಉಣ್ಣುವ ಬಡವರಲ್ಲಿ ಕಾಣಿಸಿಕೊಂಡಿತ್ತು. ಸಿ. ಗೋಪಾಲನ್ ಮತ್ತು ಎಸ್.ಜಿ. ಶ್ರೀಕಂಠಯ್ಯ 1960ರಲ್ಲಿ ಒಂದು ವಿವರಣೆ ಮುಂದಿಟ್ಟರು. ಜೋಳದಲ್ಲಿ ಲ್ಯೂಸಿನ್ ಎಂಬ ಅಮೈನೊ ಆಮ್ಲ ಹೆಚ್ಚು, ಅದರ ಅತಿಯಿಂದ ನಿಯಾಸಿನ್ ಜೀವಸತ್ವದ ಬಳಕೆಗೆ ಅಡ್ಡಿಯಾಗುತ್ತದೆ ಎಂದು. ಇದನ್ನು ಪ್ರಶ್ನಿಸಿದ ಸಂಶೋಧಕರೂ ಇದ್ದರು, ಚರ್ಚೆ ದಶಕಗಳ ಕಾಲ ನಡೆಯಿತು. ಊಟದಲ್ಲಿ ಬೇರೆ ಧಾನ್ಯ, ಬೇಳೆ, ಹಾಲು ಬೆರೆತಂತೆ ಕಾಯಿಲೆ ವಿರಳವಾಯಿತು.

ಜೋಳ ಕೆಟ್ಟದ್ದು ಎಂದು ಇದರಿಂದ ತೀರ್ಮಾನಿಸಿದರೆ ಪೂರ್ತಿ ತಪ್ಪಾಗುತ್ತದೆ. ರೊಟ್ಟಿಯ ಜೊತೆ ಹೆಸರುಕಾಳು, ಶೇಂಗಾ, ಗುರೆಳ್ಳು, ಮೊಸರು ಇರುವ ಉಣಿಸು ಬೇರೆ, ಬರೀ ರೊಟ್ಟಿ–ಖಾರ ಬೇರೆ. ಪೋಷಣೆಯ ಓದಿಗೆ ಸ್ಥಳ ಏಕೆ ಮುಖ್ಯ ಎಂಬುದನ್ನು ಈ ಪ್ರಕರಣ ತೋರಿಸುತ್ತದೆ: ಮೆಕ್ಕೆಜೋಳದ ದೇಶಗಳಲ್ಲಿ ಬರೆದ ಪುಸ್ತಕದಲ್ಲಿ ಇಲ್ಲದ ಸಂಗತಿ ಇಲ್ಲಿನ ರೋಗಿಗಳ ಮೈಮೇಲೆ ಇತ್ತು. ಗದಗ ಜಿಲ್ಲೆಯ ಮುಂಡರಗಿ ಕಡೆಯ ಕೊಳವೆಬಾವಿಗಳ ಫ್ಲೋರೈಡ್ ಇಂದಿಗೂ ಅಂಥದ್ದೇ ಪ್ರಶ್ನೆ. ನೀರು ಬದಲಾಗಬೇಕಾದದ್ದು ಮೊದಲು, ಅದರಲ್ಲಿ ಎರಡು ಮಾತಿಲ್ಲ. ಆದರೆ ಊಟದಲ್ಲಿ ಕ್ಯಾಲ್ಸಿಯಂ ಕಡಿಮೆ ಇದ್ದವರ ಎಲುಬನ್ನು ಫ್ಲೋರೈಡ್ ಹೆಚ್ಚು ಕಾಡುತ್ತದೆ, ಕರುಳಿನಲ್ಲಿ ಕ್ಯಾಲ್ಸಿಯಂ ಇದ್ದರೆ ಫ್ಲೋರೈಡ್ ಮೈಗೆ ಸೇರುವುದು ತಗ್ಗುತ್ತದೆ. ಕೊಳವೆಬಾವಿಯ ನೀರಿನ ವರದಿ, ಮಕ್ಕಳ ಹಲ್ಲಿನ ಕಲೆ, ಮನೆಯಲ್ಲಿ ಹಾಲಿನ ಬಳಕೆ ಮೂರನ್ನೂ ಒಬ್ಬರೇ ಕೂಡಿಸಿ ನೋಡಬೇಕು. ಅಂಥ ತರಬೇತಿಯನ್ನು ಧಾರವಾಡ, ಗದಗ, ಹಾವೇರಿ ಈ ಮೂರು ಜಿಲ್ಲೆಗಳಲ್ಲಿ ಎಲ್ಲಿ ಕೊಡಬಹುದು?

ಎಲ್ಲವೂ ಇದೆ, ಒಂದೆಡೆ ಇಲ್ಲ

ಧಾರವಾಡದ ಕೃಷಿ ವಿಶ್ವವಿದ್ಯಾಲಯ ಸ್ವತಂತ್ರವಾದದ್ದು 1986ರಲ್ಲಿ. ಅದಕ್ಕೂ ಮೊದಲೇ, 1970ರ ದಶಕದಲ್ಲಿ ಇಲ್ಲಿ ಗ್ರಾಮೀಣ ಗೃಹವಿಜ್ಞಾನ ಕಾಲೇಜು ಶುರುವಾಗಿತ್ತು. ಈಗ ಅದರ ಹೆಸರು ಸಮುದಾಯ ವಿಜ್ಞಾನ ಕಾಲೇಜು. ಆಹಾರ ವಿಜ್ಞಾನ ಮತ್ತು ಪೋಷಣೆಯ ವಿಭಾಗ ಅಲ್ಲಿದೆ. ಸಾವೆ, ನವಣೆಯಂಥ ಕಿರುಧಾನ್ಯಗಳ ಮೇಲೆ, ಸದಕ ಗೋಧಿಯ ಮೇಲೆ ಈ ವಿಶ್ವವಿದ್ಯಾಲಯ ಮಾಡಿದ ಕೆಲಸ ದೇಶದಲ್ಲಿ ಗುರುತು ಪಡೆದಿದೆ. ವಿದ್ಯಾರ್ಥಿಗಳು ಹಳ್ಳಿಗಳಿಗೆ ಹೋಗಿ ಕೆಲಸ ಮಾಡುವುದು ಪಠ್ಯದ ಭಾಗ. ಇಲ್ಲಿ ಕೊರತೆ ಇರುವುದು ರೋಗಿಗಳದ್ದು.

ರೋಗಿಗಳು ಇರುವುದು ಹುಬ್ಬಳ್ಳಿಯಲ್ಲಿ. 1957ರಲ್ಲಿ ಕರ್ನಾಟಕ ವೈದ್ಯಕೀಯ ಕಾಲೇಜಾಗಿ ಶುರುವಾಗಿ, ಕಿಮ್ಸ್ ಎಂದೇ ಜನರ ಬಾಯಲ್ಲಿ ಉಳಿದು, ಈಗ ಮತ್ತೆ ಹೆಸರು ಬದಲಿಸಿಕೊಂಡಿರುವ ಆಸ್ಪತ್ರೆಗೆ ಸುತ್ತಲಿನ ಜಿಲ್ಲೆಗಳ ಬಡವರೆಲ್ಲ ಬರುತ್ತಾರೆ. ಧಾರವಾಡದ ಸತ್ತೂರಿನಲ್ಲಿ ಎಸ್‌ಡಿಎಂ ವಿಶ್ವವಿದ್ಯಾಲಯದ ಆಸ್ಪತ್ರೆ ಇದೆ. ಗದಗದಲ್ಲಿ 2015ರಿಂದ, ಹಾವೇರಿಯಲ್ಲಿ 2022ರಿಂದ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ. ಇಲ್ಲೆಲ್ಲ ಎಂಬಿಬಿಎಸ್ ವಿದ್ಯಾರ್ಥಿಗಳು ಪೋಷಣೆಯನ್ನು ಓದುತ್ತಾರೆ, ಆದರೆ ಪ್ರತ್ಯೇಕ ವಿಷಯವಾಗಿ ಅಲ್ಲ. ಜೀವರಸಾಯನಶಾಸ್ತ್ರದಲ್ಲಿ ಒಂದಿಷ್ಟು, ಸಮುದಾಯ ವೈದ್ಯಶಾಸ್ತ್ರದಲ್ಲಿ ಒಂದಿಷ್ಟು. ಜೀವಸತ್ವಗಳ ರಾಸಾಯನಿಕ ಸೂತ್ರ ಬರೆಯಬಲ್ಲ ಯುವವೈದ್ಯರಿಗೆ ಸಾವೆಯ ಅನ್ನಕ್ಕೆ ಎಷ್ಟು ನೀರು ಹಿಡಿಯುತ್ತದೆ ಎಂದು ಗೊತ್ತಿರಬೇಕಿಲ್ಲ, ಸರಿ. ಗೊತ್ತಿರುವವರು ಅದೇ ವಾರ್ಡಿನಲ್ಲಿ ಪಕ್ಕದಲ್ಲಿರಬೇಕು.

ಇನ್ನು ಗದಗದಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯವಿದೆ. ಪಂಚಾಯಿತಿ, ನೀರು, ಅಂಗನವಾಡಿಗಳ ಆಡಳಿತವನ್ನು ಓದುವ ಜಾಗ ಅದು. ಬೆಳೆ ಒಂದೆಡೆ, ರೋಗಿ ಇನ್ನೊಂದೆಡೆ, ಪಂಚಾಯಿತಿ ಮತ್ತೊಂದೆಡೆ. ಎಲ್ಲವೂ ಬಸ್ಸಿನಲ್ಲಿ ಬೆಳಿಗ್ಗೆ ಹೋಗಿ ಸಂಜೆ ಬರುವಷ್ಟು ದೂರದಲ್ಲಿವೆ. ಅವು ಬೇರೆಯಾಗಿಯೇ ಉಳಿಯುವುದಕ್ಕೆ ದ್ವೇಷವೇನೂ ಕಾರಣವಲ್ಲ, ಆಡಳಿತದ ಗೋಡೆಗಳು ಕಾರಣ. ಕೃಷಿ ವಿಶ್ವವಿದ್ಯಾಲಯದ ಪಠ್ಯವನ್ನು ಭಾರತೀಯ ಕೃಷಿ ಸಂಶೋಧನಾ ಮಂಡಳಿಯ ಮಾರ್ಗದರ್ಶನ ನಿರ್ಧರಿಸುತ್ತದೆ, ವೈದ್ಯಕೀಯ ಕಾಲೇಜಿನದ್ದನ್ನು ರಾಷ್ಟ್ರೀಯ ವೈದ್ಯಕೀಯ ಆಯೋಗ, ಉಳಿದವನ್ನು ಯುಜಿಸಿ. ಈಗ ಇವುಗಳ ಮೇಲೆ 2021ರ ಕಾಯಿದೆಯ ಹೊಸ ಆಯೋಗವೂ ಬಂದಿದೆ.

3,600 ಗಂಟೆಗಳ ಪ್ರಶ್ನೆ

2021ರ ಕಾಯಿದೆ ಆರೋಗ್ಯ ವೃತ್ತಿಪರರೆನಿಸಲು ಮೂರರಿಂದ ಆರು ವರ್ಷಗಳಲ್ಲಿ ಹರಡಿದ ಕನಿಷ್ಠ 3,600 ಗಂಟೆಗಳ ಪದವಿ ಬೇಕೆನ್ನುತ್ತದೆ. ಇದರ ತೂಕ ತಿಳಿಯಲು ಸಣ್ಣದೊಂದು ಗುಣಾಕಾರ ಸಾಕು. ಕಾಲೇಜಿನ ವರ್ಷಕ್ಕೆ ಇನ್ನೂರು ದಿನ, ದಿನಕ್ಕೆ ಆರು ಗಂಟೆ ಪಾಠವೆಂದರೆ ವರ್ಷಕ್ಕೆ 1,200 ಗಂಟೆ. ಮೂರು ವರ್ಷ ಪೂರ್ತಿ ಪೋಷಣೆಯನ್ನೇ ಓದಿದರೆ ಮಾತ್ರ 3,600 ಮುಟ್ಟುತ್ತದೆ. ಮೂರು ಐಚ್ಛಿಕ ವಿಷಯಗಳಲ್ಲಿ ಒಂದಾಗಿ ಪೋಷಣೆಯನ್ನು ಓದಿದ ಸಾಮಾನ್ಯ ಬಿ.ಎಸ್ಸಿ. ಪದವೀಧರೆಗೆ ಇದರ ಮೂರನೇ ಒಂದು ಭಾಗ ದಕ್ಕಿದರೆ ಹೆಚ್ಚು. 2024ರಲ್ಲಿ ಕರ್ನಾಟಕ ನಾಲ್ಕು ವರ್ಷದ ಆನರ್ಸ್ ಬಿಟ್ಟು ಮೂರು ವರ್ಷದ ಪದವಿಗೆ ಮರಳಿದೆ, ಅದಕ್ಕೆ ಅದರದೇ ಆದ ಕಾರಣಗಳಿವೆ. ಆದರೆ ಮೂರು ವರ್ಷದೊಳಗೆ ಇಷ್ಟು ಗಂಟೆಗಳನ್ನೂ ಆಸ್ಪತ್ರೆಯ ಇಂಟರ್ನ್‌ಶಿಪ್ಪನ್ನೂ ತುಂಬುವುದು ಕಷ್ಟ.

ಸಮುದಾಯ ವಿಜ್ಞಾನದ ಆನರ್ಸ್ ಪದವಿ ನಾಲ್ಕು ವರ್ಷದ್ದೇ. ಆದರೆ ಅಲ್ಲಿ ಪೋಷಣೆಯ ಜೊತೆ ಮಾನವ ಅಭಿವೃದ್ಧಿ, ಜವಳಿ ಮತ್ತು ಉಡುಪು, ಸಂಪನ್ಮೂಲ ನಿರ್ವಹಣೆ, ವಿಸ್ತರಣೆ ಎಲ್ಲವೂ ಇವೆ. ಹಳ್ಳಿಯಲ್ಲಿ ಕೆಲಸ ಮಾಡಲು ಇದಕ್ಕಿಂತ ಒಳ್ಳೆಯ ತಯಾರಿ ಸಿಗುವುದು ಕಷ್ಟ. ವಾರ್ಡಿನ ನೋಂದಣಿಗೆ ಇದು ಸಾಲುತ್ತದೆಯೇ ಎಂಬ ಪ್ರಶ್ನೆ ಮಾತ್ರ ಏಳದೆ ಇರದು. ಕೇಂದ್ರ ಆರೋಗ್ಯ ಸಚಿವಾಲಯ 2025ರಲ್ಲಿ ಕೆಲವು ವೃತ್ತಿಗಳಿಗೆ ದೇಶಾದ್ಯಂತ ಒಂದೇ ಬಗೆಯ ಪಠ್ಯಕ್ರಮ ಪ್ರಕಟಿಸಿತು, ಅವುಗಳಲ್ಲಿ ಪೋಷಣೆ ಮತ್ತು ಡಯಟೆಟಿಕ್ಸ್ ಕೂಡ ಒಂದು. ಮುಂದೆ ಅಳತೆಗೋಲು ಅದೇ ಆಗುತ್ತದೆ.

ಮುಂದೆ ಏನಾಗಬಹುದು

ಮೊದಲ ಪರಿಣಾಮ ಈಗಾಗಲೇ ಮೊಬೈಲಿನಲ್ಲಿ ಕಾಣುತ್ತಿದೆ. ಯುಜಿಸಿಯ ಕೈ ವಿಶ್ವವಿದ್ಯಾಲಯಗಳವರೆಗೆ ಮಾತ್ರ ಚಾಚುತ್ತದೆ. ಕೆಲವು ವಾರಗಳಲ್ಲಿ ಪ್ರಮಾಣಪತ್ರ ಕೊಟ್ಟು ತೂಕ ಇಳಿಸುವ ಸಲಹೆಗಾರರನ್ನಾಗಿಸುವ ಖಾಸಗಿ ಕೋರ್ಸುಗಳು ಅದರ ಹಿಡಿತದ ಹೊರಗಿವೆ. ಪರೀಕ್ಷೆ, ಪಠ್ಯ, ಪ್ರಾಯೋಗಿಕ ತರಗತಿ ಎಂದು ಕೆಲವಾದರೂ ಕಟ್ಟುಪಾಡುಗಳಿದ್ದ ಮುಕ್ತ ವಿಶ್ವವಿದ್ಯಾಲಯದ ದಾರಿ ಮುಚ್ಚಿದರೆ ಕಲಿಯುವ ಆಸೆ ಇರುವವರು ಆ ಕಟ್ಟುಪಾಡೂ ಇಲ್ಲದ ಕಡೆ ಹೋಗುತ್ತಾರೆ. ನೋಂದಣಿ ಇಲ್ಲದವರು ವೃತ್ತಿ ನಡೆಸದಂತೆ ತಡೆಯಬೇಕಾದದ್ದು ರಾಜ್ಯ ಪರಿಷತ್ತು. ಅದು ಚುರುಕಾಗುವವರೆಗೆ ನಿಷೇಧದ ಪೆಟ್ಟು ಬೀಳುವುದು ನಿಯಮ ಪಾಲಿಸುವ ಸಂಸ್ಥೆಗಳಿಗೆ ಮಾತ್ರ.

ಎರಡನೆಯದು ಊರು ಬಿಡಲಾಗದವರ ಪಾಡು. ಕೃಷಿ ವಿಶ್ವವಿದ್ಯಾಲಯದ ಪದವಿಗೆ ವಿಜ್ಞಾನದ ಪಿಯುಸಿ ಬೇಕು, ಸಿಇಟಿ ಬರೆಯಬೇಕು. ಕಲಾ ವಿಭಾಗದಲ್ಲಿ ಓದಿ ಅಂಗನವಾಡಿ ವ್ಯವಸ್ಥೆಗೆ ಬಂದವರಿಗೆ ಆ ಬಾಗಿಲು ಮೊದಲಿನಿಂದಲೂ ಇಲ್ಲ. ವಿಜಯಪುರದ ಮಹಿಳಾ ವಿಶ್ವವಿದ್ಯಾಲಯದಲ್ಲಿ ಆಹಾರ ಸಂಸ್ಕರಣೆ ಮತ್ತು ಪೋಷಣೆಯ ವಿಭಾಗವಿದೆ, ಆದರೆ ಅದು ಹಾನಗಲ್ಲಿನಿಂದಲೋ ಹಿರೇಕೆರೂರಿನಿಂದಲೋ ದಿನಾ ಹೋಗಿಬರುವ ದೂರವಲ್ಲ. ಕೆಲಸದಲ್ಲಿರುವವರಿಗಾಗಿ ಶನಿವಾರ–ಭಾನುವಾರ ಹತ್ತಿರದ ಆಸ್ಪತ್ರೆಯಲ್ಲೇ ಪ್ರಾಯೋಗಿಕ ತರಗತಿ ನಡೆಸಿ, ಉಳಿದ ಪಾಠವನ್ನು ದೂರದಿಂದ ಕಲಿಸುವ ಮಿಶ್ರ ಮಾದರಿಯನ್ನು ಸಾರ್ವಜನಿಕ ಪೋಷಣೆಯ ಮಟ್ಟಿಗಾದರೂ ಯುಜಿಸಿ ಪರಿಶೀಲಿಸಬಹುದಿತ್ತು. ಈಗಲೂ ಪರಿಶೀಲಿಸಬಹುದು.

ಮೂರನೆಯದು ಅವಕಾಶ. ದೂರಶಿಕ್ಷಣ ಇಲ್ಲವಾದಾಗ ತರಗತಿಯ ಸೀಟುಗಳಿಗೆ ಬೇಡಿಕೆ ಬರುತ್ತದೆ. ಹುಬ್ಬಳ್ಳಿ–ಧಾರವಾಡದಲ್ಲಿ ಕೃಷಿ ವಿಶ್ವವಿದ್ಯಾಲಯವೂ ವೈದ್ಯಕೀಯ ಸಂಸ್ಥೆಯೊಂದೂ ಒಪ್ಪಂದ ಮಾಡಿಕೊಂಡು, ಮೊದಲ ವರ್ಷಗಳನ್ನು ಪ್ರಯೋಗಾಲಯ ಮತ್ತು ಹಳ್ಳಿಯಲ್ಲಿ, ಕೊನೆಯ ವರ್ಷವನ್ನು ವಾರ್ಡಿನಲ್ಲಿ ಕಳೆಯುವ ಪದವಿಯೊಂದನ್ನು ರೂಪಿಸಿದರೆ ಅದಕ್ಕೆ ಬೇಕಾದ ಕಟ್ಟಡ, ರೋಗಿ, ಬೆಳೆ ಯಾವುದನ್ನೂ ಹೊಸದಾಗಿ ತರಬೇಕಿಲ್ಲ. ತರಬೇಕಾದದ್ದು ಅಧ್ಯಾಪಕರನ್ನು. ಜೊತೆಗೆ, ಓದಿದವರಿಗೆ ಹುದ್ದೆಯನ್ನೂ. ತಾಲ್ಲೂಕು ಆಸ್ಪತ್ರೆಗಳಲ್ಲೂ ಡಯಾಲಿಸಿಸ್ ಯಂತ್ರಗಳು ಬಂದಿವೆ, ಯಂತ್ರದ ಪಕ್ಕದಲ್ಲಿ ಊಟದ ಬಗ್ಗೆ ಹೇಳುವವರು ಬೇಕು ಎಂಬ ಆಲೋಚನೆ ಮಾತ್ರ ಇನ್ನೂ ತಲುಪಿಲ್ಲ. ಹುದ್ದೆ ಇಲ್ಲದೆ ನೋಂದಣಿಯನ್ನಷ್ಟೇ ಬಿಗಿ ಮಾಡಿದರೆ ತರಬೇತಾದವರೆಲ್ಲ ಬೆಂಗಳೂರಿನ ಖಾಸಗಿ ಆಸ್ಪತ್ರೆಗಳ ಪಾಲಾಗುತ್ತಾರೆ.

ಈಗ ಸೇರಬೇಕೆಂದಿರುವವರಿಗೆ

ಆಹಾರ ತಜ್ಞರಾಗಿ ಆಸ್ಪತ್ರೆಯಲ್ಲಿ ಕೆಲಸ ಮಾಡುವ ಉದ್ದೇಶವಿದ್ದರೆ ಕಾಲೇಜಿನ ಜಾಹೀರಾತಿನಲ್ಲಿರುವ ಪದವಿಯ ಹೆಸರು ನೋಡಿ ಮರುಳಾಗಬಾರದು. ಪಠ್ಯ ಹೊಸ ಆಯೋಗದ ಚೌಕಟ್ಟಿಗೆ ಹೊಂದುತ್ತದೆಯೇ, ಒಟ್ಟು ಎಷ್ಟು ಗಂಟೆ, ಅದರಲ್ಲಿ ಆಸ್ಪತ್ರೆಯಲ್ಲಿ ಎಷ್ಟು ಎಂದು ಕೇಳಬೇಕು. ಇಂಟರ್ನ್‌ಶಿಪ್ ನಡೆಯುವ ಆಸ್ಪತ್ರೆಯ ಹೆಸರನ್ನೂ ಒಪ್ಪಂದದ ಪ್ರತಿಯನ್ನೂ ಕೇಳುವುದಕ್ಕೆ ಸಂಕೋಚ ಬೇಡ. ಹೆಸರು ಹೇಳಲು ತಡವರಿಸುವ ಕಡೆ ಶುಲ್ಕ ಕಟ್ಟುವ ಅವಸರ ಬೇಡ. ಭಾರತೀಯ ಡಯಟೆಟಿಕ್ ಸಂಘ ನಡೆಸುವ ನೋಂದಾಯಿತ ಡಯಟೀಷಿಯನ್ ಪರೀಕ್ಷೆಗೂ ಆಸ್ಪತ್ರೆಯ ತರಬೇತಿ ಬೇಕಾಗುತ್ತದೆ. ಆದರೆ ಆ ಸಂಘದ ನೋಂದಣಿಯೂ ಕಾಯಿದೆಯಡಿಯ ಸರ್ಕಾರಿ ನೋಂದಣಿಯೂ ಒಂದೇ ಅಲ್ಲ.

ಸಂಶೋಧನೆ, ಆಹಾರ ಉದ್ಯಮ, ಕಿರುಧಾನ್ಯದ ಉತ್ಪನ್ನ, ವಿಸ್ತರಣಾ ಕೆಲಸದ ಕಡೆ ಒಲವಿದ್ದವರಿಗೆ ಕೃಷಿ ವಿಶ್ವವಿದ್ಯಾಲಯದ ದಾರಿ ಮೊದಲಿನಷ್ಟೇ ತೆರೆದಿದೆ, ಈ ನಿರ್ಧಾರದಿಂದ ಅವರಿಗೆ ನಷ್ಟವಿಲ್ಲ. 2025ಕ್ಕಿಂತ ಮೊದಲು ಮಾನ್ಯತೆ ಇದ್ದ ದೂರಶಿಕ್ಷಣದಲ್ಲಿ ಸೇರಿದವರು ಪ್ರವೇಶ ಪಡೆದ ವರ್ಷದ ರಸೀದಿ, ಆ ವರ್ಷ ಕೋರ್ಸಿಗೆ ಮಾನ್ಯತೆ ಇದ್ದುದಕ್ಕೆ ಯುಜಿಸಿಯ ಪಟ್ಟಿಯ ಪ್ರತಿ, ಪ್ರಾಯೋಗಿಕ ತರಗತಿಗಳ ಹಾಜರಿ ದಾಖಲೆ ಇವನ್ನು ಜೋಪಾನವಾಗಿ ಎತ್ತಿಟ್ಟುಕೊಳ್ಳಬೇಕು. ರಾಜ್ಯ ಪರಿಷತ್ತಿನಲ್ಲಿ ನೋಂದಣಿ ಕೋರುವಾಗ ಮೊದಲು ಕೇಳುವ ಕಾಗದಗಳು ಇವೇ ಆಗಿರುವ ಸಾಧ್ಯತೆ ಹೆಚ್ಚು.